ಡೈ ಇಲ್ಲದ ಕಾಲಿನ ಆಂಜಿಯೋಗ್ರಾಮ್: ಮಂಗಳೂರಿನ ಒಂದು ಸ್ಕ್ಯಾನ್ ಕೇಂದ್ರದ ಕೆಲಸವನ್ನು ನೋಡಿ ಬರೆದದ್ದು

ಕಂಕನಾಡಿಯ ಆಸುಪಾಸಿನ ಒಂದು ಖಾಸಗಿ ಸ್ಕ್ಯಾನ್ ಕೇಂದ್ರದಲ್ಲಿ ಇತ್ತೀಚೆಗೆ ನನ್ನ ಸೋದರಮಾವನಿಗೆ ಕಾಲಿನ ರಕ್ತನಾಳಗಳ ಎಂಆರ್‌ಐ ಮಾಡಿಸಿದೆವು. ಕಾಂಟ್ರಾಸ್ಟ್ ಮದ್ದನ್ನು, ಅಂದರೆ ಎಲ್ಲರೂ ಡೈ ಎಂದು ಕರೆಯುವುದನ್ನು, ಚುಚ್ಚದೆಯೇ ತೆಗೆಯುವ ಆಂಜಿಯೋಗ್ರಾಮ್ ಅದು. ಕೇಂದ್ರದ ಹೆಸರನ್ನು ನಾನು ಬರೆಯುತ್ತಿಲ್ಲ. ಇಲ್ಲಿ ಹೇಳುವ ಸಂಗತಿಗಳನ್ನು ಮಂಗಳೂರು, ಉಡುಪಿ, ಮಣಿಪಾಲದ ಯಾವ ಕೇಂದ್ರದಲ್ಲಾದರೂ ಕೇಳಿ ತಿಳಿದುಕೊಳ್ಳಬಹುದು, ಮತ್ತು ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. ನಾನು ವೈದ್ಯನಲ್ಲ, ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಆದ್ದರಿಂದ ಯಂತ್ರದ ಒಳಗೆ ಏನು ನಡೆಯುತ್ತದೆ ಎಂಬ ಕುತೂಹಲ ಸಹಜವಾಗಿಯೇ ಇತ್ತು. ಅಲ್ಲಿನ ರೇಡಿಯಾಲಜಿಸ್ಟ್ ಆ ಕುತೂಹಲಕ್ಕೆ ಬೇಸರಪಡದೆ ಉತ್ತರ ಕೊಟ್ಟರು.

ಮಾವ ಕಾಪುವಿನವರು. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಮೂತ್ರಪಿಂಡದ ದುರ್ಬಲತೆಯನ್ನು ತೋರಿಸುವ ಕ್ರಿಯಾಟಿನಿನ್ ಕೂಡ ಏರಿದೆ. ಸ್ವಲ್ಪ ದೂರ ನಡೆದರೆ ಬಲಗಾಲಿನ ಮೀನಖಂಡ ಬಿಗಿದು ನೋಯುತ್ತಿತ್ತು, ನಿಂತರೆ ಇಳಿಯುತ್ತಿತ್ತು. ಕಾಲಿಗೆ ರಕ್ತ ಸಾಲದಿದ್ದಾಗ ಬರುವ ನೋವಿನ ಲಕ್ಷಣ ಇದು. ಇಂಥವರಿಗೆ ಮೊದಲು ಪಾದದ ಗಂಟಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸಿ ನೋಡುತ್ತಾರೆ. ಆ ಅನುಪಾತ 0.9ಕ್ಕಿಂತ ಕಡಿಮೆ ಬಂದರೆ ತಡೆಯಿದೆ ಎಂದು ಅನುಮಾನಿಸುತ್ತಾರೆ. ಮಾವನದು 1.4ಕ್ಕಿಂತ ಹೆಚ್ಚು ಬಂತು. ಅದು ಆರೋಗ್ಯದ ಗುರುತಲ್ಲ. ನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿ ಅದು ಗಟ್ಟಿಯಾಗಿದೆ, ಹೊರಗಿನಿಂದ ಒತ್ತಿದರೂ ಮುಚ್ಚುವುದಿಲ್ಲ ಎಂದು ಅದರ ಅರ್ಥ. ಆದ್ದರಿಂದ ನಾಳದ ಒಳಗನ್ನು ಚಿತ್ರದಲ್ಲಿಯೇ ನೋಡಬೇಕಾಯಿತು.

ಸಿಟಿ ಆಂಜಿಯೋಗ್ರಾಮ್ ಬೇಗ ಮುಗಿಯುತ್ತದೆ, ಎಲ್ಲ ಕಡೆ ಸಿಗುತ್ತದೆ. ಆದರೆ ಅದಕ್ಕೆ ಅಯೋಡಿನ್ ಇರುವ ಡೈ ಬೇಕು, ದುರ್ಬಲ ಮೂತ್ರಪಿಂಡಕ್ಕೆ ಅದು ಹೊರೆಯಾಗಬಹುದು. ಜೊತೆಗೆ, ಮೊಣಕಾಲಿನ ಕೆಳಗಿನ ಸಣ್ಣ ನಾಳಗಳಲ್ಲಿರುವ ಸುಣ್ಣ ಸಿಟಿಯಲ್ಲಿ ಇದ್ದದ್ದಕ್ಕಿಂತ ದೊಡ್ಡದಾಗಿ ಹೊಳೆದು, ಒಳಗಿನ ದಾರಿ ತೆರೆದಿದೆಯೋ ಮುಚ್ಚಿದೆಯೋ ತಿಳಿಯದಂತೆ ಮಾಡುತ್ತದೆ. ಎಂಆರ್‌ಐಯಲ್ಲಿ ಸುಣ್ಣದ ಈ ತೊಂದರೆ ಹೆಚ್ಚು ಇಲ್ಲ. ಆದರೆ ಎಂಆರ್‌ಐಗೆ ಬಳಸುವ ಗ್ಯಾಡೋಲಿನಿಯಂ ಡೈಗೂ ಒಂದು ಇತಿಹಾಸವಿದೆ. ಮೂತ್ರಪಿಂಡ ತೀರಾ ಕೆಟ್ಟವರಲ್ಲಿ ಚರ್ಮ ಮತ್ತು ಅಂಗಾಂಶ ಗಟ್ಟಿಯಾಗುತ್ತಾ ಹೋಗುವ ಒಂದು ಗಂಭೀರ ಕಾಯಿಲೆಗೂ ಈ ಡೈಗೂ ಸಂಬಂಧವಿದೆ ಎಂಬುದು 2006ರಲ್ಲಿ ಬೆಳಕಿಗೆ ಬಂತು. ಈಗ ಬಳಕೆಯಲ್ಲಿರುವ ಹೊಸ ಬಗೆಯ ಗ್ಯಾಡೋಲಿನಿಯಂ ಡೈಗಳಲ್ಲಿ ಆ ಅಪಾಯ ಬಹಳ ಕಡಿಮೆ ಎಂಬುದನ್ನೂ ಹೇಳಬೇಕು, ಜನರನ್ನು ಸುಮ್ಮನೆ ಹೆದರಿಸಬಾರದು. ಆದರೂ ಡೈ ಇಲ್ಲದೆಯೇ ಕೆಲಸ ಆಗುವುದಾದರೆ ಅದೇ ಇರಲಿ ಎಂದು ನಮ್ಮ ಮೂತ್ರಪಿಂಡ ತಜ್ಞರು ಹೇಳಿದರು.

ಈ ಕೇಂದ್ರಕ್ಕೆ ಬರುವ ಮೊದಲು ಬೇರೊಂದು ಕಡೆ ಇಂಥದ್ದೇ ಸ್ಕ್ಯಾನ್ ಆಗಿತ್ತು. ಅದರ ವರದಿಯಲ್ಲಿ ಎಡ ಮೊಣಕಾಲಿನ ಹಿಂದಿನ ಅಪಧಮನಿ (ಹೃದಯದಿಂದ ರಕ್ತ ಒಯ್ಯುವ ನಾಳ) ಪೂರ್ತಿ ಮುಚ್ಚಿದೆ ಎಂದಿತ್ತು, ನೋವಿದ್ದ ಬಲಗಾಲಿನ ಬಗ್ಗೆ ಮಾತ್ರ ಅಲ್ಪಸ್ವಲ್ಪ ಕಿರಿದಾಗಿದೆ ಎಂದಷ್ಟೇ ಇತ್ತು. ವ್ಯಾಸ್ಕ್ಯುಲರ್ ಸರ್ಜನ್, ಅಂದರೆ ರಕ್ತನಾಳಗಳ ಶಸ್ತ್ರವೈದ್ಯರು, ಫಿಲ್ಮನ್ನು ದೀಪಕ್ಕೆ ಹಿಡಿದು ನೋಡಿದರು, ಆಮೇಲೆ ಮಾವನ ಎಡಪಾದದ ಮೇಲೆ ಎರಡು ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು. “ಇಲ್ಲಿ ಬಡಿತ ಇಷ್ಟು ಚೆನ್ನಾಗಿ ಸಿಗ್ತಾ ಉಂಟು. ಮೇಲೆ ಪೂರ್ತಿ ಬಂದ್ ಆಗಿದ್ರೆ ಹೀಗೆ ಸಿಗ್ಲಿಕ್ಕಿಲ್ಲ” ಎಂದರು. ಅಲ್ಟ್ರಾಸೌಂಡ್‌ನಿಂದ ರಕ್ತದ ಹರಿವನ್ನು ನೋಡುವ ಡಾಪ್ಲರ್‌ನಲ್ಲಿಯೂ ಆ ನಾಳದಲ್ಲಿ ರಕ್ತ ಸರಾಗವಾಗಿ ಹರಿಯುತ್ತಿರುವುದು ಕಂಡಿತು. ಮುಚ್ಚಿದ್ದು ನಾಳವಲ್ಲ, ಚಿತ್ರದಲ್ಲಿ ಮಾತ್ರ ಅದು ಅಳಿಸಿಹೋಗಿತ್ತು. ದೇಹದಲ್ಲಿ ಇಲ್ಲದೆ ಚಿತ್ರದಲ್ಲಿ ಮಾತ್ರ ಕಾಣುವ ಇಂಥ ಗುರುತುಗಳಿಗೆ ರೇಡಿಯಾಲಜಿಯವರು ಆರ್ಟಿಫ್ಯಾಕ್ಟ್ ಎನ್ನುತ್ತಾರೆ. ಡೈ ಇಲ್ಲದ ಆಂಜಿಯೋಗ್ರಾಮ್‌ನ ದೊಡ್ಡ ಶತ್ರು ಇದೇ, ಮತ್ತು ಒಂದು ಕೇಂದ್ರ ಒಳ್ಳೆಯದೋ ಅಲ್ಲವೋ ಎಂಬುದನ್ನು ನಾನು ಅಳೆಯುವುದು ಅವರು ಇದನ್ನು ಹೇಗೆ ಎದುರಿಸುತ್ತಾರೆ ಎಂಬುದರಿಂದ.

ಮೊದಲಿನ ಸ್ಕ್ಯಾನ್‌ನಲ್ಲಿ ಬಳಸಿದ್ದು ಒಂದು ಚಿತ್ರದಿಂದ ಇನ್ನೊಂದನ್ನು ಕಳೆಯುವ ವಿಧಾನ. ಮಿತ್ಸುಯೆ ಮಿಯಾಜಾಕಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಈ ವಿಧಾನ ಬೇರೆ ಬೇರೆ ಕಂಪನಿಗಳ ಯಂತ್ರಗಳಲ್ಲಿ ಫ್ರೆಶ್ ಬ್ಲಡ್ ಇಮೇಜಿಂಗ್, ನೇಟಿವ್ ಸ್ಪೇಸ್, ಟ್ರಾನ್ಸ್ ಎಂಬ ಹೆಸರುಗಳಲ್ಲಿ ಇದೆ. ಹೃದಯ ಹಿಂಡಿದಾಗ ಅಪಧಮನಿಯಲ್ಲಿ ರಕ್ತ ವೇಗವಾಗಿ ಓಡುತ್ತದೆ, ಆಗ ತೆಗೆದ ಚಿತ್ರದಲ್ಲಿ ಅದು ಕಪ್ಪಾಗಿ ಕಾಣುತ್ತದೆ. ಹೃದಯ ಸಡಿಲಗೊಂಡಾಗ ರಕ್ತ ನಿಧಾನವಾಗುತ್ತದೆ, ಆಗ ಅದೇ ನಾಳ ಬೆಳ್ಳಗೆ ಹೊಳೆಯುತ್ತದೆ. ರಕ್ತವನ್ನು ಹೃದಯಕ್ಕೆ ಮರಳಿ ತರುವ ಅಭಿಧಮನಿಗಳಲ್ಲಿ ಹರಿವು ಯಾವಾಗಲೂ ನಿಧಾನ, ಹಾಗಾಗಿ ಅವು ಎರಡರಲ್ಲೂ ಬಿಳಿ. ಎರಡನೆಯ ಚಿತ್ರದಿಂದ ಮೊದಲನೆಯದನ್ನು ಕಳೆದರೆ ಅಪಧಮನಿಗಳು ಮಾತ್ರ ಉಳಿಯಬೇಕು. ಇದು ಬಹಳ ಸೊಗಸಾದ ಉಪಾಯ ಎಂದು ಭೌತಶಾಸ್ತ್ರದವನಾಗಿ ನನಗೆ ಅನ್ನಿಸುತ್ತದೆ, ತರಗತಿಯಲ್ಲಿ ಮಕ್ಕಳಿಗೂ ಹೇಳಿದ್ದೇನೆ.

ಆದರೆ ಇದರಲ್ಲಿ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯಬೇಕು. ನಿಧಾನ ಹರಿವಿನ ಚಿತ್ರವೆಂದುಕೊಂಡು ತೆಗೆದದ್ದು ಇನ್ನೂ ರಕ್ತ ಓಡುತ್ತಿರುವಾಗಲೇ ತೆಗೆದದ್ದಾದರೆ ನಾಳ ಎರಡರಲ್ಲೂ ಕಪ್ಪಾಗಿ, ಕಳೆದಾಗ ಏನೂ ಉಳಿಯುವುದಿಲ್ಲ. ವೇಗದ ಹರಿವಿನದು ತಡವಾಗಿಬಿಟ್ಟರೆ ಎರಡರಲ್ಲೂ ಬಿಳಿಯಾಗಿ ಮತ್ತೆ ಸೊನ್ನೆಯೇ. ಚೆನ್ನಾಗಿ ತೆರೆದಿರುವ ನಾಳವೂ ಆಗ ಕತ್ತರಿಸಿದಂತೆ ಕಾಣುತ್ತದೆ. ಬಡಿತದ ಅಲೆ ಸೊಂಟಕ್ಕಿಂತ ಪಾದವನ್ನು ತಡವಾಗಿ ತಲುಪುವುದರಿಂದ ಸೊಂಟಕ್ಕೆ ಸರಿಯಾದ ಹೊತ್ತು ಮೀನಖಂಡಕ್ಕೆ ಸರಿಯಾಗುವುದಿಲ್ಲ. ಪ್ರತಿ ಭಾಗಕ್ಕೂ ಮೊದಲೊಂದು ಸಣ್ಣ ಪರೀಕ್ಷೆ ಮಾಡಿ ಆ ಹೊತ್ತನ್ನು ಬೇರೆಬೇರೆಯಾಗಿ ಕಂಡುಹಿಡಿಯಬೇಕು. ಇನ್ನು ಎರಡು ಚಿತ್ರಗಳ ನಡುವೆ ಕಾಲು ಕೂದಲೆಳೆಯಷ್ಟು ಸರಿದರೂ ಅಭಿಧಮನಿಗಳು ಪೂರ್ತಿ ಕಳೆದುಹೋಗದೆ ಉಳಿದು ಅಪಧಮನಿಗಳ ಜೊತೆ ಹೆಣೆದುಕೊಳ್ಳುತ್ತವೆ. ಮಾವನ ಮೊದಲ ಫಿಲ್ಮಿನಲ್ಲಿ ಎರಡೂ ತೊಂದರೆ ಇದ್ದವು: ಮೊಣಕಾಲಿನಲ್ಲಿ ನಾಳ ಮಾಯವಾಗಿತ್ತು, ಅದರ ಕೆಳಗೆ ಚರ್ಮದ ಅಂಚಿನುದ್ದಕ್ಕೂ ಬಿಳಿ ಗೆರೆ ಎದ್ದಿತ್ತು, ಮೀನಖಂಡದಲ್ಲಿ ಯಾವುದು ಅಪಧಮನಿ ಯಾವುದು ಅಭಿಧಮನಿ ಎಂದು ಹೇಳಲಾಗದಷ್ಟು ಗೆರೆಗಳಿದ್ದವು. ಅಂಥ ಚಿತ್ರವನ್ನು ಇಟ್ಟುಕೊಂಡು “ಪೂರ್ತಿ ಮುಚ್ಚಿದೆ” ಎಂದು ಬರೆಯಬಾರದಿತ್ತು. ಒಬ್ಬ ಅವಸರದ ವೈದ್ಯರ ಕೈಗೆ ಆ ವರದಿ ಸಿಕ್ಕಿದ್ದರೆ ಸರಿಯಾಗಿರುವ ಎಡಗಾಲಿಗೆ ಕ್ಯಾಥೆಟರ್ (ನಾಳದೊಳಗೆ ತೂರಿಸುವ ಸಣ್ಣ ಕೊಳವೆ) ಹೋಗುತ್ತಿತ್ತು, ಅದರೊಂದಿಗೆ ನಾವು ತಪ್ಪಿಸಲೆಂದಿದ್ದ ಡೈ ಕೂಡ.

ಕಂಕನಾಡಿಯ ಕೇಂದ್ರದ ಬಗ್ಗೆ ನನಗೆ ಮೊದಲ ಭರವಸೆ ಬಂದದ್ದು ಬುಕಿಂಗ್‌ಗೆ ಫೋನ್ ಮಾಡಿದಾಗಲೇ. ಪೇಸ್‌ಮೇಕರ್ ಇದೆಯೇ ಎಂಬ ಪ್ರಶ್ನೆಯನ್ನು ಎಲ್ಲ ಕಡೆಯೂ ಕೇಳುತ್ತಾರೆ. ಇಲ್ಲಿ ಅದರ ಜೊತೆಗೆ ಕಾಲಿನಲ್ಲಿ ಸ್ಟೆಂಟ್ (ನಾಳವನ್ನು ತೆರೆದಿಡುವ ಲೋಹದ ಜಾಲರಿ) ಇದೆಯೇ, ಮೊಣಕಾಲಿನ ಕೀಲು ಬದಲಿಸಿದ್ದಾರೆಯೇ, ಮೂಳೆಗೆ ರಾಡ್ ಹಾಕಿದೆಯೇ, ಎದೆಬಡಿತ ತಾಳ ತಪ್ಪುತ್ತದೆಯೇ, ಚಪ್ಪಟೆಯಾಗಿ ಮಲಗಿ ಕಾಲು ಆಡಿಸದೆ ಎಷ್ಟು ಹೊತ್ತು ಇರಬಲ್ಲರು ಎಂದೂ ಕೇಳಿದರು. ಲೋಹದ ಸುತ್ತ ಕಾಂತಕ್ಷೇತ್ರ ಕೆಟ್ಟು ಅಲ್ಲಿ ಚಿತ್ರ ಕಪ್ಪಾಗುತ್ತದೆ. ಸ್ಟೆಂಟ್ ಇರುವುದು ಮೊದಲೇ ಗೊತ್ತಿಲ್ಲದಿದ್ದರೆ ಆ ಕಪ್ಪನ್ನು ತಡೆಯೆಂದು ಓದುವ ಸಾಧ್ಯತೆಯಿದೆ. ಹಿಂದಿನ ರಾತ್ರಿ ಕಡಲೆ ಗಸಿ, ಗೆಣಸು ಬೇಡ, ಸ್ಕ್ಯಾನಿಗೆ ನಾಲ್ಕು ಗಂಟೆ ಮೊದಲಿನಿಂದ ಏನೂ ತಿನ್ನಬೇಡಿ, ಆದರೆ ಸಕ್ಕರೆ ಕಾಯಿಲೆಯವರಾದ್ದರಿಂದ ಬೆಳಗ್ಗಿನ ಇನ್ಸುಲಿನ್ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿಕೊಂಡೇ ಬನ್ನಿ ಎಂದರು. ಹೊಟ್ಟೆಯೊಳಗಿನ ಗಾಳಿ ಸೊಂಟದ ಭಾಗದ ಚಿತ್ರವನ್ನು ಕೆಡಿಸುತ್ತದೆ ಎಂಬ ಕಾರಣವನ್ನೂ ಹೇಳಿದರು. ಕಾರಣ ತಿಳಿದರೆ ಮನೆಯವರು ಪಥ್ಯವನ್ನು ಪಾಲಿಸುತ್ತಾರೆ, ಬರೀ ಆದೇಶವಾದರೆ ಮರೆಯುತ್ತಾರೆ.

ಸ್ಕ್ಯಾನಿನ ದಿನ ಮಾವ ಊರಿನ ರೂಢಿಯಂತೆ ಎಣ್ಣೆ ಹಚ್ಚಿ ಸ್ನಾನ ಮಾಡಿಯೇ ಬಂದಿದ್ದರು, ಎದೆಯ ಮೇಲೆ ತೆಂಗಿನೆಣ್ಣೆ ಇನ್ನೂ ಮಿರುಗುತ್ತಿತ್ತು. ಟೆಕ್ನಿಷಿಯನ್ ಹುಡುಗಿ ಅದನ್ನು ಕಂಡು ಗೊಣಗಲಿಲ್ಲ. ಎದೆಯ ನಾಲ್ಕು ಜಾಗಗಳಲ್ಲಿ ಕೂದಲು ಬೋಳಿಸಿ, ಎಣ್ಣೆಯನ್ನು ಪೂರ್ತಿ ತೆಗೆದು, ಚರ್ಮ ಒಣಗುವವರೆಗೆ ಕಾದು ಇಸಿಜಿಯ ಅಂಟುಗಳನ್ನು ಹಾಕಿದರು. ಹಾಕಿದ ಮೇಲೆ ಪರದೆಯಲ್ಲಿ ಅಲೆ ನೋಡಿ, ಒಂದನ್ನು ಕಿತ್ತು ಒಂದಿಂಚು ಕೆಳಗೆ ಮತ್ತೆ ಹಾಕಿದರು. ಇಷ್ಟೊಂದು ಹೊತ್ತು ಏಕೆ ಎಂದು ಹೊರಗೆ ಕಾಯುವವರಿಗೆ ಅನ್ನಿಸಬಹುದು. ಆದರೆ ಈ ಸ್ಕ್ಯಾನ್ ಪೂರ್ತಿ ನಿಂತಿರುವುದೇ ಆ ಇಸಿಜಿಯ ಮೇಲೆ. ರಕ್ತ ವಿದ್ಯುತ್ತನ್ನು ಒಯ್ಯುವ ದ್ರವ. ಅದು ಬಲವಾದ ಕಾಂತಕ್ಷೇತ್ರದಲ್ಲಿ ಹರಿಯುವಾಗ ತನ್ನದೇ ಒಂದು ವೋಲ್ಟೇಜ್ ಹುಟ್ಟಿಸಿ, ಇಸಿಜಿಯಲ್ಲಿ ಬಡಿತದ ಮುಖ್ಯ ಅಲೆಯ ನಂತರ ಬರುವ ಟಿ ಅಲೆಯನ್ನು ದೊಡ್ಡದು ಮಾಡುತ್ತದೆ. ಅಂಟು ಸರಿಯಾಗಿ ಕೂರದಿದ್ದರೆ ಯಂತ್ರ ಆ ಟಿ ಅಲೆಯನ್ನೇ ಹೃದಯದ ಹೊಸ ಬಡಿತವೆಂದು ಎಣಿಸಿ ತಪ್ಪು ಹೊತ್ತಿಗೆ ಚಿತ್ರ ತೆಗೆಯುತ್ತದೆ. ಇಸಿಜಿ ಕೈಕೊಟ್ಟರೆ ಇರಲಿ ಎಂದು ಬೆರಳಿಗೆ ನಾಡಿ ಅಳೆಯುವ ಕ್ಲಿಪ್ಪನ್ನೂ ಸಿಕ್ಕಿಸಿದ್ದರು.

ಆಮೇಲೆ ಉಡಿದಾರದ ವಿಷಯ ಬಂತು. ಮಾವನ ಸೊಂಟದಲ್ಲಿ ಕಪ್ಪು ದಾರ, ಅದರಲ್ಲಿ ಒಂದು ಪುಟ್ಟ ಲೋಹದ ತಾಯಿತ. ಮೊದಲಿನ ಕೇಂದ್ರದಲ್ಲಿ ಉಂಗುರ, ವಾಚು, ನಾಣ್ಯ ತೆಗೆಸಿದ್ದರು, ಪಂಚೆಯ ಒಳಗಿನ ತಾಯಿತವನ್ನು ಯಾರೂ ಕೇಳಿರಲಿಲ್ಲ. ಇಲ್ಲಿ ಆ ಹುಡುಗಿ ಮಾವನ ಜೊತೆ ತುಳುವಿನಲ್ಲಿ ಮಾತಾಡಿ, ಅದನ್ನು ಬಿಚ್ಚಿಸಿ, ಶುಭ್ರವಾದ ಕಾಗದದಲ್ಲಿ ಸುತ್ತಿ ಅತ್ತೆಯ ಕೈಗೆ ಕೊಟ್ಟರು. ಸುರಕ್ಷತೆಯ ದೃಷ್ಟಿಯಿಂದಲೂ ಅದು ಒಳಗೆ ಹೋಗಬಾರದು, ಚಿತ್ರದ ದೃಷ್ಟಿಯಿಂದಲೂ ಹೋಗಬಾರದು: ಸೊಂಟದ ಅಪಧಮನಿಗಳು ಕವಲೊಡೆಯುವ ಜಾಗಕ್ಕೆ ಅದು ಬಹಳ ಹತ್ತಿರ. ಕರಾವಳಿಯಲ್ಲಿ ಕೆಲಸ ಮಾಡುವ ಪ್ರತಿ ಎಂಆರ್‌ಐ ಕೇಂದ್ರದ ಪ್ರಶ್ನಾವಳಿಯಲ್ಲಿಯೂ ಉಡಿದಾರ ಎಂಬ ಪದ ಇರಬೇಕೆಂದು ನಾನು ಗಂಭೀರವಾಗಿಯೇ ಹೇಳುತ್ತಿದ್ದೇನೆ.

ಕಾಲುಗಳನ್ನು ಇಟ್ಟ ರೀತಿಯೂ ಗಮನಿಸುವಂತಿತ್ತು. ಹಿಮ್ಮಡಿಯ ಕೆಳಗೆ ಸ್ಪಂಜಿನ ದಿಂಬು ಕೊಟ್ಟು ಮೀನಖಂಡ ಹಲಗೆಗೆ ಒತ್ತದಂತೆ ಎತ್ತಿದರು. ಒತ್ತಿದರೆ ನಾಳಗಳು ಚಪ್ಪಟೆಯಾಗುತ್ತವೆ. ಪಾದಗಳನ್ನು ಜೋಡಿಸಿ ಅಗಲವಾದ ಪಟ್ಟಿಯಿಂದ ಸಡಿಲವಾಗಿ ಕಟ್ಟಿದರು, ಮೊಣಕಾಲುಗಳ ನಡುವೆ ಬಟ್ಟೆ ತುರುಕಿದರು, ಎಸಿಯ ಚಳಿಗೆ ನಡುಗದಂತೆ ಕಂಬಳಿ ಹೊದಿಸಿದರು. ಮೂತ್ರಕ್ಕೆ ಹೋಗಿ ಬಂದಿದ್ದೀರಾ ಎಂದು ಕೇಳಿದರು. “ಅಂಕಲ್, ಕಾಲು ಒಂಚೂರೂ ಆಡಿಸ್ಬೇಡಿ ಆಯ್ತಾ. ಆಗದಿದ್ರೆ ಬೆಲ್ ಒತ್ತಿ, ನಿಲ್ಲಿಸ್ತೇನೆ, ಮತ್ತೆ ಮಾಡುವ” ಎಂದರು. ಆಡಿಸಿದರೆ ಬೈಯುತ್ತಾರೆ ಎಂಬ ಹೆದರಿಕೆ ಇದ್ದರೆ ರೋಗಿ ನೋವು ನುಂಗಿಕೊಂಡು, ಕೊನೆಗೆ ತಡೆಯಲಾರದೆ ಆಡಿಸಿಬಿಡುತ್ತಾನೆ. ಬೆಲ್ ಒತ್ತಿ ಎಂಬ ಆ ಒಂದು ಮಾತಿನಿಂದ ಮಾವ ನಿರಾಳವಾದದ್ದು ನನಗೆ ಬಾಗಿಲಿನಿಂದಲೇ ಕಂಡಿತು.

ಇಲ್ಲಿ ಬಳಸಿದ ವಿಧಾನ ಬೇರೆ. ಅಮೆರಿಕದ ರಾಬರ್ಟ್ ಎಡೆಲ್‌ಮನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಇದಕ್ಕೆ ಕ್ಯೂಐಎಸ್‌ಎಸ್ (ಕ್ವೈಸೆಂಟ್ ಇಂಟರ್ವಲ್ ಸಿಂಗಲ್ ಶಾಟ್) ಎಂದು ಹೆಸರು. ಇದರಲ್ಲಿ ಎರಡು ಚಿತ್ರ ತೆಗೆದು ಕಳೆಯುವ ಕೆಲಸವೇ ಇಲ್ಲ. ಕಾಲನ್ನು ಸುಮಾರು 3 ಮಿಲಿಮೀಟರ್ ದಪ್ಪದ ಅಡ್ಡ ಹೋಳುಗಳಾಗಿ ನೋಡುತ್ತಾರೆ, ಒಂದು ಬಡಿತಕ್ಕೆ ಒಂದು ಹೋಳು. ಮೊದಲು ಆ ಹೋಳಿನಲ್ಲಿರುವ ಸ್ನಾಯು ಮುಂತಾದವುಗಳ ಸಂಕೇತವನ್ನೂ, ಕೆಳಗಿನಿಂದ ಮೇಲೆ ಬರುವ ಅಭಿಧಮನಿ ರಕ್ತದ ಸಂಕೇತವನ್ನೂ ರೇಡಿಯೋ ಅಲೆಯಿಂದ ಅಡಗಿಸುತ್ತಾರೆ. ಆಮೇಲೆ ಸೆಕೆಂಡಿನ ಕಾಲುಭಾಗದಷ್ಟು ಹೊತ್ತು ಯಂತ್ರ ಸುಮ್ಮನಿರುತ್ತದೆ. ಅಷ್ಟರಲ್ಲಿ ಹೃದಯ ತಳ್ಳಿದ ಹೊಸ ರಕ್ತ ಮೇಲಿನಿಂದ ಆ ಹೋಳಿಗೆ ಬಂದು ತುಂಬುತ್ತದೆ. ಹರಿವು ನಿಧಾನವಾದಾಗ ಒಂದೇ ಸಲಕ್ಕೆ ಚಿತ್ರ ತೆಗೆದರೆ ಹೊಸ ರಕ್ತ ಮಾತ್ರ ಹೊಳೆಯುತ್ತದೆ. ಕಾಲು ಅಲುಗಿದರೂ ಆ ಕ್ಷಣದ ಹೋಳುಗಳು ಮಾತ್ರ ಕೆಡುತ್ತವೆ, ಉಳಿದವು ಕೆಡುವುದಿಲ್ಲ. ಕೆಟ್ಟ ಭಾಗವನ್ನಷ್ಟೇ ಮತ್ತೆ ತೆಗೆಯಬಹುದು. ಸೊಂಟದಿಂದ ಪಾದದವರೆಗೆ ಸುಮಾರು 450 ಹೋಳುಗಳೆಂದಿಟ್ಟುಕೊಂಡರೆ, ನಿಮಿಷಕ್ಕೆ 70 ಬಡಿತದವರಿಗೆ ಚಿತ್ರ ತೆಗೆಯಲು ಆರೇಳು ನಿಮಿಷ ಸಾಕು. ಮೇಜು ಸರಿಸುವುದು, ಸಿದ್ಧತೆ, ಮರುಚಿತ್ರಣ ಸೇರಿದಾಗ ಒಟ್ಟು ಹೊತ್ತು ಅದಕ್ಕಿಂತ ಬಹಳ ಹೆಚ್ಚಾಗುತ್ತದೆ.

ಮಾವನಿಗೆ ನಡುನಡುವೆ ಒಂದು ಬಡಿತ ಮೊದಲೇ ಬಂದುಬಿಡುವ ಅಭ್ಯಾಸವಿದೆ. ಬಲತೊಡೆಯ ಕೆಲವು ಹೋಳುಗಳಲ್ಲಿ ಹಾಗಾದಾಗ ನಾಳ ಮಂಕಾಯಿತಂತೆ, ಟೆಕ್ನಿಷಿಯನ್ ಆ ಗುಂಪನ್ನು ಮತ್ತೆ ತೆಗೆದರು. ಸೊಂಟದ ಭಾಗದಲ್ಲಿ ಉಸಿರು ಬಿಗಿಹಿಡಿಸಿ ಸಣ್ಣ ಸಣ್ಣ ಗುಂಪುಗಳಾಗಿ ತೆಗೆದರು. ಕರುಳಿನ ಚಲನೆ ನಿಲ್ಲಿಸುವ ಇಂಜೆಕ್ಷನ್ ಕೊಡುವ ಮೊದಲು ಪ್ರೋಸ್ಟೇಟ್ ತೊಂದರೆ, ಗ್ಲುಕೋಮಾ ಇದೆಯೇ ಎಂದು ವಿಚಾರಿಸಿದರು. ಪ್ರೋಸ್ಟೇಟ್ ತೊಂದರೆ ಇರುವುದರಿಂದ ಅದನ್ನು ಬಿಟ್ಟರು. ಒಂದು ಗುಂಪಿನ ಅಂಚು ಮುಂದಿನ ಗುಂಪಿನಲ್ಲಿಯೂ ಸ್ವಲ್ಪ ಬರುವಂತೆ ತೆಗೆದದ್ದರಿಂದ ಜೋಡಿಸಿದ ಚಿತ್ರದಲ್ಲಿ ಮೆಟ್ಟಿಲಿನಂಥ ಅಡ್ಡಗೆರೆಗಳು ಬಹುಮಟ್ಟಿಗೆ ಬರಲಿಲ್ಲ. ಎಡ ಮೊಣಕಾಲಿನ ಕೆಳಗೆ ಒಂದು ಕಡೆ ಮಾತ್ರ ನಾಳ ಸ್ವಲ್ಪ ಜರುಗಿದಂತಿದೆ. ಅದು ಜೋಡಣೆಯ ಗುರುತೆಂದು ವರದಿಯಲ್ಲೇ ಬರೆದಿದ್ದಾರೆ.

ಆ ವರದಿಯ ಬಗ್ಗೆ ನನಗೆ ನಿಜವಾಗಿಯೂ ಗೌರವವಿದೆ. ಎಡಗಾಲಿನ ಅಪಧಮನಿಗಳು ಮೊಣಕಾಲಿನವರೆಗೂ ಅಲ್ಲಿಂದ ಕೆಳಗೂ ತೆರೆದಿವೆ. ಬಲತೊಡೆಯ ಕೆಳಭಾಗದಲ್ಲಿ ಗಣನೀಯವಾದ ಕಿರಿದಾಗುವಿಕೆ ಇದೆ. ನೋವು ಇದ್ದದ್ದೂ ಬಲಗಾಲಿನಲ್ಲೇ. ಅಷ್ಟೇ ಮುಖ್ಯವಾದ ಇನ್ನೊಂದು ಸಾಲು ಕೊನೆಯಲ್ಲಿತ್ತು: ಬಲಪಾದದ ಸಣ್ಣ ನಾಳಗಳಲ್ಲಿ ಸಂಕೇತ ಕ್ಷೀಣವಾಗಿರುವುದರಿಂದ ಅವುಗಳ ಬಗ್ಗೆ ಈ ಪರೀಕ್ಷೆಯಿಂದ ನಿರ್ಣಯ ಹೇಳಲಾಗದು. ರೇಡಿಯಾಲಜಿಸ್ಟ್ ನಮಗೆ ಒಟ್ಟು ಚಿತ್ರವನ್ನು ತೋರಿಸಿ ಕಳಿಸಿಬಿಡಲಿಲ್ಲ, ಬಲತೊಡೆಯ ಅಡ್ಡ ಹೋಳುಗಳನ್ನು ಒಂದೊಂದಾಗಿ ಸರಿಸಿ ತೋರಿಸಿದರು. ದುಂಡಗಿನ ಬಿಳಿ ಚುಕ್ಕೆ ಕೆಳಗಿಳಿಯುತ್ತಾ ಅರ್ಧಚಂದ್ರವಾಗಿ, ಆಮೇಲೆ ಸೂಜಿಮೊನೆಯಷ್ಟಾಗಿ, ಮತ್ತೆ ದುಂಡಗಾಯಿತು. ಅಕ್ಕಪಕ್ಕದ ಹಲವು ಹೋಳುಗಳಲ್ಲಿ ಹೀಗೆ ಕ್ರಮವಾಗಿ ಬದಲಾಗುವುದು ನಿಜವಾದ ಕಾಯಿಲೆಯ ಲಕ್ಷಣ, ಒಂದೇ ಹೋಳಿನಲ್ಲಿ ಥಟ್ಟನೆ ಮಾಯವಾಗಿ ಮುಂದಿನದರಲ್ಲಿ ಥಟ್ಟನೆ ಬಂದರೆ ಮೊದಲು ಯಂತ್ರವನ್ನು ಅನುಮಾನಿಸಬೇಕು ಎಂದರು. ಸರ್ಜನ್ ಆ ವರದಿ ನೋಡಿ, ಸದ್ಯಕ್ಕೆ ಕ್ಯಾಥೆಟರ್ ಬೇಡ, ಔಷಧ ಮತ್ತು ಕ್ರಮಬದ್ಧ ನಡಿಗೆಯಿಂದ ಶುರು ಮಾಡೋಣ ಎಂದು ನಿರ್ಧರಿಸಿದರು.

ಈ ವಿಧಾನಕ್ಕೂ ಮಿತಿಗಳಿವೆ. ಕಾಂತಕ್ಷೇತ್ರದ ಏರುಪೇರಿಗೆ ಇದು ಬೇಗ ಕೆಡುತ್ತದೆ, ಹಾಗಾಗಿ ಲೋಹದ ಕೀಲು ಅಥವಾ ಸ್ಟೆಂಟ್ ಇರುವವರಿಗೆ ಆ ಜಾಗದ ಮಟ್ಟಿಗೆ ನಿರಾಸೆಯಾಗಬಹುದು. ತಡೆಯ ಕೆಳಗೆ, ಅದನ್ನು ಬಳಸಿಕೊಂಡು ಹೋಗುವ ಉಪನಾಳಗಳ ಮೂಲಕ ರಕ್ತ ಕೆಳಗಿನಿಂದ ಮೇಲಕ್ಕೆ ಹಿಮ್ಮುಖವಾಗಿ ತುಂಬುತ್ತಿದ್ದರೆ, ಅಭಿಧಮನಿಯನ್ನು ಅಡಗಿಸುವ ಅದೇ ಅಲೆ ಅದನ್ನೂ ಅಡಗಿಸಿಬಿಡುತ್ತದೆ. ಆಗ ತಡೆ ನಿಜಕ್ಕಿಂತ ಉದ್ದವಾಗಿ ಕಾಣುತ್ತದೆ. ಹೃದಯದ ತಾಳ ಪೂರ್ತಿ ತಪ್ಪಿದವರಲ್ಲಿ ಫಲಿತಾಂಶ ಇಷ್ಟು ಚೆನ್ನಾಗಿರುವುದಿಲ್ಲ. ಕಾಲಿನಲ್ಲಿ ಹುಣ್ಣಾಗಿ ಬೆರಳು ಕಪ್ಪಾಗುತ್ತಿರುವವರು ಯಾವ ಸ್ಕ್ಯಾನ್ ಒಳ್ಳೆಯದೆಂದು ಹುಡುಕುತ್ತಾ ಕೂರದೆ ಅದೇ ದಿನ ಸರ್ಜನ್ ಬಳಿಗೆ ಹೋಗಬೇಕು.

ಕೇಂದ್ರದ ಬಗ್ಗೆ ನನ್ನ ಆಕ್ಷೇಪಗಳೂ ಇವೆ. ಕೈಗೆ ಕೊಡುವ ಸೂಚನೆಗಳ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇದೆ. ಅತ್ತೆಗೆ ನಾನು ಓದಿ ಹೇಳಬೇಕಾಯಿತು. ಅಲುಗಾಡಬಾರದು, ಇಂಥದ್ದನ್ನು ತಿನ್ನಬಾರದು, ಎಣ್ಣೆ ಹಚ್ಚಬಾರದು ಎಂಬುದರ ಮೇಲೆಯೇ ಚಿತ್ರದ ಗುಣ ನಿಂತಿರುವಾಗ ಆ ಹಾಳೆ ಕನ್ನಡದಲ್ಲಿ ಇರಲೇಬೇಕು. ಎಣ್ಣೆಯ ವಿಷಯವಂತೂ ಫೋನಿನಲ್ಲಿಯೂ ಹೇಳಿರಲಿಲ್ಲ, ಹಾಳೆಯಲ್ಲಿಯೂ ಇಲ್ಲ. ಒಂದು ಸಾಲು ಸೇರಿಸಿದರೆ ಅವರಿಗೇ ಹೊತ್ತು ಉಳಿಯುತ್ತದೆ. ನಮ್ಮ ಸರದಿ ಹೇಳಿದ ಹೊತ್ತಿಗಿಂತ ಬಹಳ ತಡವಾಗಿ ಬಂತು, ಉಪವಾಸವಿದ್ದ ಸಕ್ಕರೆ ಕಾಯಿಲೆಯ ಹಿರಿಯರನ್ನು ಹಾಗೆ ಕಾಯಿಸುವುದು ಸರಿಯಲ್ಲ. ಇಂಥವರಿಗೆ ಬೆಳಗಿನ ಮೊದಲ ಸರದಿ ಕೊಡಬೇಕು.

ಇನ್ನೊಂದು ಆಕ್ಷೇಪ ಸಿಡಿಯದು. ಫಿಲ್ಮಿನಲ್ಲಿ ಬರುವುದು ಎಲ್ಲ ಹೋಳುಗಳನ್ನು ಒಟ್ಟುಗೂಡಿಸಿದ ಚಿತ್ರ ಮಾತ್ರ. ನೋಡಲು ಅಂದವಾಗಿದ್ದರೂ ಆರ್ಟಿಫ್ಯಾಕ್ಟ್ ಯಾವುದು, ಕಾಯಿಲೆ ಯಾವುದು ಎಂದು ಬೇರ್ಪಡಿಸುವುದು ಮೂಲ ಹೋಳುಗಳಿಂದ. ಮೊದಲು ಕೊಟ್ಟ ಸಿಡಿಯಲ್ಲಿ ಅವು ಇರಲಿಲ್ಲ, ಕೇಳಿದ ಮೇಲೆ ಹಾಕಿಕೊಟ್ಟರು, ಹೆಚ್ಚಿನ ಹಣ ಕೇಳಲಿಲ್ಲ. ಆದ್ದರಿಂದ ಅಲ್ಲಿಗೇ ಆಗಲಿ ಬೇರೆ ಕಡೆಗೇ ಆಗಲಿ ಹೋಗುವವರು ಬುಕಿಂಗ್ ಮಾಡುವಾಗಲೇ ಯಾವ ವಿಧಾನದಲ್ಲಿ ತೆಗೆಯುತ್ತೀರಿ, ಕೆಟ್ಟ ಭಾಗವನ್ನು ಮತ್ತೆ ತೆಗೆಯುತ್ತೀರಾ ಎಂದು ಕೇಳಿ, ಮೂಲ ಹೋಳುಗಳೆಲ್ಲ ಸಿಡಿಯಲ್ಲಿ ಬೇಕೆಂದು ಹೇಳಿಡಿ. ಹಳೆಯ ಡಾಪ್ಲರ್ ವರದಿ ಮತ್ತು ಹಿಂದಿನ ಫಿಲ್ಮುಗಳಿದ್ದರೆ ಅವನ್ನೂ ಒಯ್ಯಿರಿ. ನಮ್ಮ ರೇಡಿಯಾಲಜಿಸ್ಟ್ ಎಡ ಮೊಣಕಾಲನ್ನು ಅಷ್ಟು ಎಚ್ಚರಿಕೆಯಿಂದ ನೋಡಿದ್ದು ಹಳೆಯ ಫಿಲ್ಮನ್ನು ಮೇಜಿನ ಮೇಲಿಟ್ಟುಕೊಂಡೇ.